ಮೈಸೂರಿಗೆ ಅರ್ಪಿತವಾದ ಕಾನ್ಸರ್ಟೋ: ಮೆಟ್ನರ್, ಜಯಚಾಮರಾಜ ಒಡೆಯರ್ ಮತ್ತು ರಾಜಾಶ್ರಯದ ಪ್ರಶ್ನೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕಾನ್ಸರ್ಟೋ ಎಂಬ ಪ್ರಕಾರದ ಚರಿತ್ರೆಯನ್ನು ಅದರ ಅರ್ಪಣೆಗಳ ಮೂಲಕವೂ ಓದಬಹುದು. ಬಾಖ್ 1721ರಲ್ಲಿ ತನ್ನ ಆರು ಕಾನ್ಸರ್ಟೋಗಳನ್ನು ಬ್ರಾಂಡೆನ್‌ಬರ್ಗಿನ ಮಾರ್ಗ್ರೇವನಿಗೆ ಅರ್ಪಿಸಿದ. ಬೀಥೋವನ್ನನ ಐದನೆಯ ಪಿಯಾನೋ ಕಾನ್ಸರ್ಟೋ ಆಸ್ಟ್ರಿಯದ ಆರ್ಚ್‌ಡ್ಯೂಕ್ ರುಡಾಲ್ಫನಿಗೆ ಸಂದಿದೆ. ಚೈಕೋವ್‌ಸ್ಕಿಯ ಮೊದಲನೆಯ ಪಿಯಾನೋ ಕಾನ್ಸರ್ಟೋವನ್ನು ನಿಕೊಲಾಯ್ ರೂಬಿನ್‌ಸ್ಟೈನ್ ಕಟುವಾಗಿ ಜರೆದ ಮೇಲೆ ಅದರ ಅರ್ಪಣೆ ಹಾನ್ಸ್ ಫಾನ್ ಬ್ಯೂಲೋವಿನ ಪಾಲಾಯಿತು. 1875ರಲ್ಲಿ ಬಾಸ್ಟನ್ ನಗರದಲ್ಲಿ ಅದನ್ನು ಮೊದಲು ನುಡಿಸಿದವನೂ ಅವನೇ. ರಾಖ್ಮಾನಿನಾಫ್ ತನ್ನ ಎರಡನೆಯ ಕಾನ್ಸರ್ಟೋವನ್ನು ತನ್ನ ಖಿನ್ನತೆಗೆ ಚಿಕಿತ್ಸೆ ನೀಡಿದ ವೈದ್ಯ ನಿಕೊಲಾಯ್ ಡಾಲ್‌ಗೆ ಅರ್ಪಿಸಿದ. ದೊರೆ, ವಾದಕ, ವೈದ್ಯ — ಅರ್ಪಣೆಯ ಹೆಸರು ಬದಲಾದಂತೆ ಕಲೆಗೂ ಸಮಾಜಕ್ಕೂ ಇರುವ ನಂಟು ಬದಲಾದದ್ದು ಇಲ್ಲಿ ಕಾಣುತ್ತದೆ. ಈ ಸಾಲಿನಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದ ಒಂದು ಹೆಸರೂ ಇದೆ. ರಷ್ಯದ ನಿಕೊಲಾಯ್ ಮೆಟ್ನರ್ ರಚಿಸಿದ ಮೂರನೆಯ ಪಿಯಾನೋ ಕಾನ್ಸರ್ಟೋ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ ಅರ್ಪಿತವಾಗಿದೆ.

ಈ ಸಂಗತಿ ಕನ್ನಡದಲ್ಲಿ ಅಪರಿಚಿತವಲ್ಲ. ಆದರೆ ಅದನ್ನು ಪ್ರಸ್ತಾಪಿಸುವ ಬರಹಗಳು ಬಹುಮಟ್ಟಿಗೆ ಒಂದು ವಾಕ್ಯದ ಅಭಿಮಾನಕ್ಕೆ ತೃಪ್ತವಾಗುತ್ತವೆ. ಅರಸರು ಪಾಶ್ಚಾತ್ಯ ಸಂಗೀತದಲ್ಲಿಯೂ ನಿಷ್ಣಾತರಾಗಿದ್ದರು, ಲಂಡನ್ನಿನ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ನೆರವಾದರು ಎಂದು ಹೇಳಿ ಮುಂದಕ್ಕೆ ಹೋಗುವುದು ರೂಢಿಯಾಗಿದೆ. ಇನ್ನೊಂದು ಬಗೆಯ ಬರವಣಿಗೆ ಅರಮನೆಯ ಸಂಸ್ಕೃತಿಯನ್ನೆಲ್ಲ ಊಳಿಗಮಾನ್ಯ ಆಡಂಬರವೆಂದು ಬದಿಗೆ ಸರಿಸುತ್ತದೆ. ಎರಡೂ ಕಡೆ ಸಂಗೀತವನ್ನು ಕೇಳುವ ಕೆಲಸ ಮಾತ್ರ ನಡೆದಿಲ್ಲ. ಮೈಸೂರಿನ ಹೆಸರನ್ನು ಹೊತ್ತ ಆ ಕೃತಿಯಾದರೂ ಎಂಥದು? ಆ ರಚನಕಾರನನ್ನೇ ಆರಿಸಿಕೊಂಡದ್ದರಲ್ಲಿ ಯಾವ ಅಭಿರುಚಿ ಕೆಲಸ ಮಾಡಿದೆ? ಅದಕ್ಕೆ ಸಂದ ಹಣ ಯಾರದು? ಈ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡಿದರೆ ಒಂದಕ್ಕೆ ಸಿಗುವ ಉತ್ತರ ಇನ್ನೊಂದಕ್ಕೆ ಸಿಗುವ ಉತ್ತರವನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಪ್ರಸ್ತುತ ಪ್ರಬಂಧದ ವಸ್ತು ಆ ಇಕ್ಕಟ್ಟೇ.

ಪ್ರಕಾರದ ಸ್ವರೂಪ

ಕಾನ್ಸರ್ಟೋ ಎಂದರೆ ಒಂದು ಏಕವಾದ್ಯಕ್ಕೂ ಇಡೀ ವಾದ್ಯವೃಂದಕ್ಕೂ ನಡುವೆ ನಡೆಯುವ ಸಂವಾದ. ಸಾಮಾನ್ಯವಾಗಿ ಅದಕ್ಕೆ ಮೂರು ಭಾಗಗಳು: ವೇಗದ್ದು, ವಿಳಂಬದ್ದು, ಮತ್ತೆ ವೇಗದ್ದು. ವಿವಾಲ್ಡಿಯ ಕಾಲಕ್ಕೆ, ಎಂದರೆ ಹದಿನೆಂಟನೆಯ ಶತಮಾನದ ಆರಂಭಕ್ಕೆ, ಈ ಆಕಾರ ಸ್ಥಿರವಾಗಿತ್ತು. ಮೊಟ್ಸಾರ್ಟ್ ಅದಕ್ಕೆ ನಾಟಕದ ಗುಣವನ್ನು ತಂದ. ಬೀಥೋವನ್ ಅದರೊಳಗೆ ವ್ಯಕ್ತಿಗೂ ಸಮೂಹಕ್ಕೂ ನಡುವಿನ ಸೆಣಸಾಟವನ್ನು ಕಂಡ. ಆತನ ನಾಲ್ಕನೆಯ ಪಿಯಾನೋ ಕಾನ್ಸರ್ಟೋದ ನಡುವಿನ ಭಾಗದಲ್ಲಿ ತಂತಿವಾದ್ಯಗಳು ಗದರಿಸುತ್ತವೆ, ಪಿಯಾನೋ ಮೆಲುದನಿಯಲ್ಲಿ ಉತ್ತರಿಸುತ್ತದೆ, ಕೊನೆಗೆ ಗದರಿಕೆಯೇ ಸೋಲುತ್ತದೆ.

ಕರ್ನಾಟಕ ಸಂಗೀತದ ಕಚೇರಿಗೆ ಒಗ್ಗಿದ ಕಿವಿಗೆ ಇದನ್ನು ವಿವರಿಸುವಾಗ ಹೋಲಿಕೆಗಳು ಸಹಜವಾಗಿ ಬರುತ್ತವೆ. ಭಾಗವೊಂದರ ಕೊನೆಯಲ್ಲಿ ವಾದ್ಯವೃಂದ ಸುಮ್ಮನಾಗಿ ಏಕವಾದಕನೊಬ್ಬನೇ ನುಡಿಸುವ ಕೆಡೆಂಜಾ ಎಂಬ ಭಾಗವನ್ನು ತನಿಯಾವರ್ತನಕ್ಕೆ ಹೋಲಿಸುವುದುಂಟು. ಹೋಲಿಕೆ ಅಲ್ಲಿಗೆ ನಿಲ್ಲಬೇಕು. ಕಚೇರಿಯಲ್ಲಿ ಪಕ್ಕವಾದ್ಯ ಮುಖ್ಯ ಗಾಯಕನ ಮನೋಧರ್ಮವನ್ನು ಅನುಸರಿಸಿ ಅದರ ನೆರಳಿನಂತೆ ಸಾಗುತ್ತದೆ. ಕಾನ್ಸರ್ಟೋದಲ್ಲಿ ವಾದ್ಯವೃಂದ ನೆರಳಲ್ಲ, ಎದುರಾಳಿ. ಅದಕ್ಕೆ ತನ್ನದೇ ವಾದವಿದೆ. ರಾಗವೊಂದರಲ್ಲಿ ನೆಲೆನಿಂತು ಅದರ ಆಳಕ್ಕೆ ಇಳಿಯುವುದು ನಮ್ಮ ಪದ್ಧತಿಯಾದರೆ, ಆಧಾರಸ್ವರವನ್ನೇ ಬಿಟ್ಟು ದೂರದ ಶ್ರುತಿಗಳಿಗೆ ಅಲೆದು ಮರಳಿ ಬರುವ ಪಯಣವೇ ಕಾನ್ಸರ್ಟೋದ ಜೀವ. ಈ ಭೇದವನ್ನು ಜಯಚಾಮರಾಜ ಒಡೆಯರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಅವರ ರಚನೆಗಳೇ ಸಾಕ್ಷಿ. ಆ ಮಾತು ಮುಂದೆ ಬರುತ್ತದೆ.

ಮೆಟ್ನರ್ ಮತ್ತು ಮೂರು ಕಾನ್ಸರ್ಟೋಗಳು

ನಿಕೊಲಾಯ್ ಮೆಟ್ನರ್ ಮಾಸ್ಕೋ ನಗರದಲ್ಲಿ 1880ರ ಜನವರಿಯಲ್ಲಿ ಹುಟ್ಟಿದ. 1900ರಲ್ಲಿ ಅಲ್ಲಿನ ಸಂಗೀತಶಾಲೆಯಿಂದ ಉನ್ನತ ಗೌರವದೊಡನೆ ಹೊರಬಂದ. ಪಿಯಾನೋವಾದಕನಾಗಿ ಲೋಕಸಂಚಾರ ಮಾಡಿ ಹೆಸರು ಗಳಿಸುವ ದಾರಿ ತೆರೆದಿದ್ದರೂ ರಚನೆಯನ್ನೇ ಹಿಡಿದ. ಕ್ರಾಂತಿಯ ಅನಂತರ, 1921ರಲ್ಲಿ, ರಷ್ಯವನ್ನು ತೊರೆದು ಬರ್ಲಿನ್, ಪ್ಯಾರಿಸ್ ಸುತ್ತಮುತ್ತ ನೆಲೆಸಿ ಕೊನೆಗೆ 1930ರ ದಶಕದ ನಡುವಿನಲ್ಲಿ ಲಂಡನ್ನಿಗೆ ಬಂದ. ಸಮಕಾಲೀನನಾದ ರಾಖ್ಮಾನಿನಾಫ್ ಆತನ ಪ್ರತಿಭೆಯನ್ನು ಬಹುವಾಗಿ ಮೆಚ್ಚಿದ್ದ. ಇವರಿಬ್ಬರ ಸ್ನೇಹದ ಗುರುತಾಗಿ ರಾಖ್ಮಾನಿನಾಫನ ನಾಲ್ಕನೆಯ ಕಾನ್ಸರ್ಟೋ ಮೆಟ್ನರನಿಗೂ, ಮೆಟ್ನರನ ಎರಡನೆಯ ಕಾನ್ಸರ್ಟೋ ರಾಖ್ಮಾನಿನಾಫನಿಗೂ ಅರ್ಪಿತವಾಗಿವೆ. ಆದರೆ ಸ್ನೇಹಿತನಿಗೆ ದೊರೆತ ಜನಪ್ರಿಯತೆಯ ಕಿಂಚಿತ್ ಪಾಲೂ ಈತನಿಗೆ ದೊರೆಯಲಿಲ್ಲ. 1935ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮೆಟ್ನರ್ ಸಂಗೀತಕ್ಕೆ ಕಾಲಾತೀತವಾದ ನಿಯಮಗಳಿವೆ, ಆಧುನಿಕರು ಅವುಗಳನ್ನು ಕೈಬಿಟ್ಟು ಫ್ಯಾಷನ್ನಿಗೆ ಶರಣಾಗಿದ್ದಾರೆ ಎಂದು ವಾದಿಸಿದ. ಸ್ಟ್ರಾವಿನ್‌ಸ್ಕಿ, ಷೋನ್‌ಬರ್ಗರ ಯುಗದಲ್ಲಿ ಈ ಮಾತನ್ನು ಕೇಳುವವರು ಕಡಮೆ.

ಮೂರು ಕಾನ್ಸರ್ಟೋಗಳಲ್ಲಿ ಮೊದಲನೆಯದು ಮೊದಲ ಮಹಾಯುದ್ಧದ ವರ್ಷಗಳಲ್ಲಿ ರೂಪುಗೊಂಡು 1918ರಲ್ಲಿ ಮುಗಿಯಿತು. ಮೂರು ಭಾಗಗಳ ವಾಡಿಕೆಯನ್ನು ಬಿಟ್ಟು ಒಂದೇ ಅಖಂಡ ಭಾಗದಲ್ಲಿ ಹರಿಯುವ ಈ ಕೃತಿಯ ಮಧ್ಯಭಾಗದಲ್ಲಿ ಮೂಲ ವಸ್ತುವಿನ ಮೇಲಿನ ವಿಕಲ್ಪಗಳು ಸಾಲಾಗಿ ಬರುತ್ತವೆ. ಕಟ್ಟಡದ ದೃಷ್ಟಿಯಿಂದ ಮೂರರಲ್ಲಿ ಇದೇ ಅತ್ಯಂತ ಬಿಗಿಯಾದದ್ದು. 1927ರಲ್ಲಿ ಪೂರ್ಣಗೊಂಡ ಎರಡನೆಯದು ಟೊಕಾಟಾ, ರೊಮಾನ್ಸಾ, ಡಿವರ್ಟಿಮೆಂಟೊ ಎಂಬ ಮೂರು ಭಾಗಗಳದ್ದು. ವಾದಕನ ಚಾತುರ್ಯಕ್ಕೆ ಅಲ್ಲಿ ಹೆಚ್ಚಿನ ಅವಕಾಶವಿದೆ. ಕೇಳುಗನನ್ನು ಮೊದಲ ಬಾರಿಗೇ ಹಿಡಿದಿಡುವ ಗುಣವೂ ಅದಕ್ಕೇ ಹೆಚ್ಚು.

ಮೈಸೂರಿಗೆ ಸಂಬಂಧಿಸಿದ ಮೂರನೆಯದು ಬೇರೆಯೇ ಹದದ್ದು. ಇ ಮೈನರ್ ಶ್ರುತಿಯ, ಅರುವತ್ತನೆಯ ಕೃತಿಸಂಖ್ಯೆಯ ಈ ರಚನೆಗೆ 'ಬಲ್ಲಾಡ್', ಎಂದರೆ ಕಥನಗೀತ, ಎಂಬ ಉಪನಾಮವಿದೆ. ಎರಡನೆಯ ಮಹಾಯುದ್ಧದ ನಡುವೆ, 1940ರಿಂದ 1943ರವರೆಗೆ, ಇದು ರೂಪುಗೊಂಡಿತು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನ ಯುದ್ಧದಿಂದಾಗಿ ನಿಂತುಹೋಗಿತ್ತು. ಬಾಂಬ್ ದಾಳಿಗೆ ಗುರಿಯಾದ ಲಂಡನ್ನನ್ನು ಬಿಟ್ಟು ಮೆಟ್ನರ್ ದಂಪತಿಗಳು ಶಿಷ್ಯೆ ಎಡ್ನಾ ಐಲ್ಸ್‌ಳ ಆಶ್ರಯದಲ್ಲಿ ವಾರಿಕ್‌ಷೈರಿನಲ್ಲಿದ್ದರು. 1942ರಲ್ಲಿ ರಚನಕಾರನಿಗೆ ಹೃದಯಾಘಾತವೂ ಆಯಿತು. 1944ರ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಏಡ್ರಿಯನ್ ಬೋಲ್ಟ್ ನಿರ್ದೇಶನದಲ್ಲಿ ಅದರ ಮೊದಲ ಪ್ರದರ್ಶನ ನಡೆದಾಗ ಪಿಯಾನೋ ನುಡಿಸಿದವನು ಮೆಟ್ನರನೇ.

ಕೃತಿಯ ಪ್ರೇರಣೆ ರಷ್ಯನ್ ಕವಿ ಲೆರ್ಮಂತೊವನ 'ರುಸಾಲ್ಕಾ' ಎಂಬ ಕವಿತೆ. ಹೊಳೆಯ ತಳದಲ್ಲಿ ಮಲಗಿರುವ ಯೋಧನನ್ನು ಕುರಿತು ಜಲಕನ್ಯೆ ಹಾಡುವ ಹಾಡು ಅದರ ವಸ್ತು. ಅವಳ ಮುದ್ದಿಗೆ ಅವನು ಓಗೊಡುವುದಿಲ್ಲ. ಲೆರ್ಮಂತೊವನಲ್ಲಿ ಯೋಧ ಏಳುವುದೇ ಇಲ್ಲ. ಮೆಟ್ನರ್ ಕವಿತೆಯನ್ನು ಅಲ್ಲಿಗೆ ಬಿಡದೆ ಆ ಯೋಧನನ್ನು ನಿದ್ರಿಸುತ್ತಿರುವ ಮಾನವಚೇತನವೆಂದು ಭಾವಿಸಿ ಮುಂದಿನ ಭಾಗಗಳಲ್ಲಿ ಅವನನ್ನು ಎಚ್ಚರಿಸಲು ಹೊರಡುತ್ತಾನೆ. ಮೊದಲ ಭಾಗ ಹೊಳೆಯ ಹರಿವಿನಂತೆ ಅಗಲವಾಗಿ, ಆತುರವಿಲ್ಲದೆ ಸಾಗುತ್ತದೆ. ಎರಡನೆಯದು ಭಾಗವೆನ್ನುವುದಕ್ಕಿಂತ ಒಂದು ಸೇತುವೆ. 'ಇಂಟರ್ಲೂಡಿಯಂ' ಎಂದೇ ಅದರ ಹೆಸರು. ಅಂತಿಮ ಭಾಗದ ಶಿರೋಭಾಗದಲ್ಲಿ ವೇಗಸೂಚನೆಯ ಜೊತೆಗೆ 'ಎಚ್ಚರಗೊಳ್ಳುತ್ತ', 'ವೀರೋಚಿತವಾಗಿ' ಎಂಬರ್ಥದ ಎರಡು ಇಟಾಲಿಯನ್ ಪದಗಳಿವೆ. ಮೂರೂ ಭಾಗಗಳು ನಡುವೆ ವಿರಾಮವಿಲ್ಲದೆ ಕೂಡಿಕೊಳ್ಳುತ್ತವೆ; ಮೊದಲ ಭಾಗದ ರಾಗವಸ್ತು ಕೊನೆಯವರೆಗೂ ವೇಷ ಬದಲಿಸುತ್ತ ಜೊತೆಯಲ್ಲಿಯೇ ಬರುತ್ತದೆ.

ಕೃತಿಯ ಶಕ್ತಿಯೂ ದೌರ್ಬಲ್ಯವೂ ಇಲ್ಲಿಯೇ ಇವೆ. ಮೊದಲ ಭಾಗದಲ್ಲಿ ಪಿಯಾನೋ ವಾದ್ಯವೃಂದದೊಡನೆ ಸೆಣಸುವುದಿಲ್ಲ. ಅದರೊಳಗೆ ಕರಗಿ, ಮತ್ತೆ ತಲೆಯೆತ್ತಿ, ಕಥೆ ಹೇಳುವವನ ದನಿಯಂತೆ ವರ್ತಿಸುತ್ತದೆ. ಬೀಥೋವನ್ನನಿಂದ ಬಂದ ಎದುರಾಳಿತನ ಹೀಗೆ ಕಥನವಾಗಿ ಮಾರ್ಪಟ್ಟದ್ದು ಕಾನ್ಸರ್ಟೋ ಪ್ರಕಾರಕ್ಕೆ ಮೆಟ್ನರನ ನಿಜವಾದ ಕೊಡುಗೆ. ಆದರೆ ಅಂತಿಮ ಭಾಗದಲ್ಲಿ ಎಚ್ಚರದ ಘೋಷಣೆ ಮತ್ತೆ ಮತ್ತೆ ಬರುತ್ತದೆ. ಗೆದ್ದಾಯಿತು ಎಂದುಕೊಂಡಾಗ ಇನ್ನೊಂದು ತಿರುವು ಎದುರಾಗುತ್ತದೆ. ರಾಖ್ಮಾನಿನಾಫ್ ಆಗಿದ್ದರೆ ಒಂದು ದೊಡ್ಡ ರಾಗದ ಅಲೆಯಲ್ಲಿ ಕೇಳುಗನನ್ನು ದಡ ಮುಟ್ಟಿಸುತ್ತಿದ್ದ. ಮೆಟ್ನರನಿಗೆ ಆ ಸುಲಭ ಮಾರ್ಗದಲ್ಲಿ ನಂಬಿಕೆಯಿಲ್ಲ. ಪ್ರತಿಯೊಂದು ಎಳೆಯನ್ನೂ ನೇಯ್ದು ಮುಗಿಸಬೇಕೆಂಬ ಹಟದಿಂದ ಆತನ ಅಂತ್ಯ ದೀರ್ಘವಾಗುತ್ತದೆ. ಈ ಸಂಗೀತಕ್ಕೆ ಸಭೆಯ ಚಪ್ಪಾಳೆ ಕಡಮೆ ದೊರೆತದ್ದು ಆಕಸ್ಮಿಕವಲ್ಲ. ಒಬ್ಬನೇ ಕುಳಿತು, ಪದೇ ಪದೇ ಕೇಳಿದಾಗ ಮಾತ್ರ ತೆರೆದುಕೊಳ್ಳುವ ಸಂಗೀತವಿದು. ಗ್ರಾಮಫೋನ್ ಇಲ್ಲದೆ ಇಂಥ ರಚನಕಾರ ಬದುಕುವುದು ಕಷ್ಟ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ನಿವಾರಿಸಬೇಕು. ಅರ್ಪಣೆಯನ್ನು ಕಂಡು ಈ ಕೃತಿಯನ್ನು ಮೈಸೂರಿಗಾಗಿಯೇ ರಚಿಸಲಾಯಿತೆಂದು ಭಾವಿಸುವುದುಂಟು. 1943ರಲ್ಲಿಯೇ ಕೃತಿ ಮುಗಿದಿತ್ತು. ಅರ್ಪಣೆ ಆಶ್ರಯ ದೊರೆತ ಮೇಲಿನ ಕೃತಜ್ಞತೆ. ಇದರಲ್ಲಿ ಭಾರತೀಯ ರಾಗಚ್ಛಾಯೆಯನ್ನು ಹುಡುಕುವುದು ವ್ಯರ್ಥ. ಇದು ಆದ್ಯಂತ ರಷ್ಯನ್ ನೆನಪಿನ, ಜರ್ಮನ್ ಶಿಸ್ತಿನ ಸಂಗೀತ. ಮೈಸೂರು ಈ ಕೃತಿಯೊಳಗೆ ಇಲ್ಲ; ಅದರ ಉಳಿವಿನಲ್ಲಿ ಇದೆ.

ಅರಮನೆಯ ಕಿವಿ

ಮೈಸೂರಿನಲ್ಲಿ ಪಾಶ್ಚಾತ್ಯ ವಾದ್ಯಗಳು ಮೊದಲು ಕೇಳಿಸಿದ್ದು ಪ್ರಭುತ್ವದ ದನಿಯಾಗಿ. ಅರಮನೆಯ ಬ್ಯಾಂಡು ದಸರೆಯ ಮೆರವಣಿಗೆಯ ಅಂಗವಾಗಿತ್ತು. ಬಸವಪ್ಪ ಶಾಸ್ತ್ರಿಗಳ 'ಕಾಯೌ ಶ್ರೀ ಗೌರಿ' ಸಂಸ್ಥಾನದ ಗೀತೆಯಾಗಿ ಮೊಳಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಪಾಶ್ಚಾತ್ಯ ವಾದ್ಯವೃಂದವೂ ಕರ್ನಾಟಕ ವಿದ್ವಾಂಸರ ಪರಂಪರೆಯೂ ಒಂದೇ ಸೂರಿನಡಿ ಬೆಳೆದವು. ಸ್ವತಃ ನಾಲ್ವಡಿಯವರು ಎರಡೂ ಪದ್ಧತಿಗಳ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು.

1919ರ ಜುಲೈ 18ರಂದು ಜನಿಸಿದ ಜಯಚಾಮರಾಜ ಒಡೆಯರು ಈ ವಾತಾವರಣದಲ್ಲಿ ಬೆಳೆದರು. ಪಿಯಾನೋದಲ್ಲಿ ಅವರಿಗೆ ದೊರೆತ ಶಿಕ್ಷಣ ಅರಸುಮಕ್ಕಳ ಅಲಂಕಾರದ ವಿದ್ಯೆಗಿಂತ ಮಿಗಿಲಾದದ್ದು; ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯವರೆಗೆ ಅದು ಸಾಗಿತು. ಅವರ ಸೋದರಿ ವಿಜಯಾದೇವಿಯವರೂ ಪಿಯಾನೋವಾದಕಿಯಾಗಿ ಹೆಸರಾದರು. ಸಭಾವಾದಕನಾಗುವ ಆಸೆ ಒಡೆಯರಿಗಿತ್ತು. 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿಯವರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡಾಗ ಇಪ್ಪತ್ತೊಂದರ ಹರೆಯದಲ್ಲಿ ಪಟ್ಟವೇರಬೇಕಾಯಿತು. ನುಡಿಸಲಾಗದವನು ಕೇಳುಗನಾದ. ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ನಿರ್ಮಾಪಕನೂ 1945ರಲ್ಲಿ ಫಿಲ್ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದವನೂ ಆದ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೆಯಲ್ಲಿ ಕಂಡ ಧ್ವನಿಮುದ್ರಿಕೆಗಳ ಸಂಗ್ರಹ, ಧ್ವನಿವರ್ಧಕಗಳು, ಪಿಯಾನೋಗಳನ್ನು ನೋಡಿ ಬೆರಗಾದುದನ್ನು ದಾಖಲಿಸಿದ್ದಾನೆ.

ಲೆಗ್ ಹಿಂದೆ ಒಂದು ಉಪಾಯವನ್ನು ರೂಢಿಗೆ ತಂದಿದ್ದ. ಮಾರಾಟದ ಭರವಸೆಯಿಲ್ಲದ ಸಂಗೀತವನ್ನು ಮುದ್ರಿಸಲು ಮುಂಗಡ ಚಂದಾದಾರರ ಸಂಘ ಕಟ್ಟುವುದು. 1931ರಲ್ಲಿ ಹೂಗೊ ವುಲ್ಫನ ಗೀತೆಗಳಿಗಾಗಿ ಹೀಗೆ ಐನೂರು ಮಂದಿ ಚಂದಾದಾರರನ್ನು ಕಲೆಹಾಕಲಾಗಿತ್ತು. ಮೆಟ್ನರನಿಗೆ ಐನೂರು ಮಂದಿ ಸಿಗುವುದು ಸಾಧ್ಯವಿರಲಿಲ್ಲ. ಆ ಐನೂರರ ಜಾಗದಲ್ಲಿ ಒಬ್ಬ ಮಹಾರಾಜ ನಿಂತ. ಹೀಗೆ ಹುಟ್ಟಿದ್ದು ಮೆಟ್ನರ್ ಸೊಸೈಟಿ. 1947ರಲ್ಲಿ ಅರುವತ್ತೇಳರ ವಯಸ್ಸಿನ, ಹೃದ್ರೋಗಿಯಾದ ಮೆಟ್ನರ್ ಮೂರು ಕಾನ್ಸರ್ಟೋಗಳನ್ನೂ ಫಿಲ್ಹಾರ್ಮೋನಿಯಾದೊಡನೆ ನುಡಿಸಿ ಮುದ್ರಿಸಿದ. ಮೊದಲನೆಯದಕ್ಕೆ ಜಾರ್ಜ್ ವೆಲ್ಡನ್, ಉಳಿದೆರಡಕ್ಕೆ ಇಸಾಯ್ ದೊಬ್ರೊವೆನ್ ನಿರ್ದೇಶಕರು. ಮುಂದಿನ ವರ್ಷಗಳಲ್ಲಿ ಸೊನಾಟಗಳು, ಗೀತೆಗಳು, ಬಹುಕಾಲದಿಂದ ಕೈಯಲ್ಲಿದ್ದು 1949ರಲ್ಲಿ ಮುಗಿದ ಪಿಯಾನೋ ಪಂಚಕ ಇವೂ ಸೇರಿದವು. ಎಲಿಜಬೆತ್ ಷ್ವಾರ್ಟ್ಸ್‌ಕಾಫ್ ಹಾಡಿದ ಗೀತೆಗಳಿಗೆ ಮೆಟ್ನರನೇ ಪಿಯಾನೋ ನುಡಿಸಿದ. ಹರಯದ ಬೆರಳುಗಳ ಮಿಂಚು ಈ ಮುದ್ರಿಕೆಗಳಲ್ಲಿ ಇಲ್ಲ ನಿಜ. ಆದರೆ ಯಾವ ಎಳೆ ಮುಂದೆ ಬರಬೇಕು, ಯಾವುದು ಹಿಂದೆ ನಿಲ್ಲಬೇಕು ಎಂಬ ವಿವೇಕದಲ್ಲಿ ರಚನಕಾರನ ಕೈಯನ್ನು ಮೀರಿಸುವ ವಾದನ ಇಂದಿಗೂ ಅಪರೂಪ.

ನಿಮಿಷಕ್ಕೆ 78 ಸುತ್ತುವ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದು ನಾಲ್ಕೂವರೆ ನಿಮಿಷದಷ್ಟು ಸಂಗೀತ. ಅರ್ಧ ಗಂಟೆಗೂ ಮೀರಿದ, ನಡುವೆ ವಿರಾಮವೇ ಇಲ್ಲದ ಮೂರನೆಯ ಕಾನ್ಸರ್ಟೋವನ್ನು ಅಷ್ಟು ಸಲ ಕತ್ತರಿಸಿ ಕೇಳಬೇಕಿತ್ತು. ಹೊಳೆಯಂತೆ ಹರಿಯಬೇಕಾದ ಕಥನ ತಟ್ಟೆ ಬದಲಿಸುವ ಸದ್ದಿನಲ್ಲಿ ಮತ್ತೆ ಮತ್ತೆ ತುಂಡಾಗುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ದೀರ್ಘವಾದನದ ತಟ್ಟೆ ಬಂದಿತು. ಮೆಟ್ನರ್ ಮುದ್ರಿಕೆಗಳು ಹೊರಬರುವ ಹೊತ್ತಿಗೆ ಅವುಗಳ ಮಾಧ್ಯಮವೇ ಹಳತಾಗತೊಡಗಿತ್ತು.

ಶಿವಪುರದಿಂದ ಕೇಳಿದಾಗ

ಮೈಸೂರು ಅರಮನೆಯಿಂದ ಬೆಂಗಳೂರಿನ ಹಾದಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಮದ್ದೂರಿಗೆ ಹೊಂದಿಕೊಂಡಂತೆ, ಶಿವಪುರವಿದೆ. ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ 1938ರ ಏಪ್ರಿಲ್‌ನಲ್ಲಿ ಸೇರಿದ್ದು ಇಲ್ಲಿ. ತ್ರಿವರ್ಣಧ್ವಜ ಹಾರಿಸಬಾರದೆಂಬ ಸರ್ಕಾರದ ನಿಷೇಧವನ್ನು ಮುರಿದು ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಧ್ವಜವೇರಿಸಲು ಮುಂದಾದರು, ಬಂಧನವಾಯಿತು, ಒಬ್ಬರ ಹಿಂದೆ ಒಬ್ಬರು ಮುಂದೆ ಬಂದರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಗೋಲೀಬಾರು ನಡೆಯಿತು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಒಕ್ಕಲು ಮಕ್ಕಳು ಆ ದಶಕದ ಆರಂಭದಲ್ಲಿಯೇ ಇರ್ವಿನ್ ನಾಲೆಯ ನೀರಿನ ಕರಾರುಗಳ ವಿರುದ್ಧ ಸಂಘಟಿತರಾಗಿದ್ದರು. ಧ್ವಜದ ಪ್ರಶ್ನೆಯ ಹಿಂದೆ ಕಂದಾಯದ ಪ್ರಶ್ನೆಯೂ ಇತ್ತು.

ಕಾಲಗಣನೆಯಲ್ಲಿ ನ್ಯಾಯ ಪಾಲಿಸಬೇಕು. ಶಿವಪುರ ನಡೆದಾಗ ಸಿಂಹಾಸನದಲ್ಲಿದ್ದವರು ನಾಲ್ವಡಿಯವರು. ಜಯಚಾಮರಾಜರಿಗೆ ಹದಿನೆಂಟು ವರ್ಷ. ಆದರೆ ಶಿವಪುರದಲ್ಲಿ ಎದ್ದ ಜವಾಬ್ದಾರಿ ಸರ್ಕಾರದ ಬೇಡಿಕೆ ಈಡೇರಿದ್ದು ಜಯಚಾಮರಾಜರ ಕಾಲದಲ್ಲಿ, ಅದೂ 1947ರ ಸೆಪ್ಟೆಂಬರ್‌ನಲ್ಲಿ ಆರಂಭವಾದ 'ಮೈಸೂರು ಚಲೋ' ಚಳವಳಿಯ ಒತ್ತಡದಲ್ಲಿ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಮೆಟ್ನರನ ಮೂರು ಕಾನ್ಸರ್ಟೋಗಳು ಲಂಡನ್ನಿನಲ್ಲಿ ಮುದ್ರಣವಾದ ವರ್ಷವೂ ಇದೇ. ಒಂದೇ ವರ್ಷದ ಈ ಎರಡು ಘಟನೆಗಳನ್ನು ಒಂದೇ ಪುಟದಲ್ಲಿ ಬರೆಯಲು ಕನ್ನಡದ ಸಂಗೀತಚರಿತ್ರೆಯೂ ರಾಜಕೀಯ ಚರಿತ್ರೆಯೂ ಸಂಕೋಚಪಟ್ಟಿವೆ.

ಲೆಗ್ ಹೇಳುವಂತೆ, ಮೆಟ್ನರ್ ಮುದ್ರಿಕೆಗಳ ವೆಚ್ಚವಲ್ಲದೆ ಫಿಲ್ಹಾರ್ಮೋನಿಯಾಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವನ್ನು ಅರಸರು ಒಪ್ಪಿದರು. ರೂಪಾಯಿಗೆ 1 ಷಿಲಿಂಗ್ 6 ಪೆನ್ಸ್ ಎಂಬ ಆಗಿನ ದರದಲ್ಲಿ ಇದು ವರ್ಷಕ್ಕೆ ಸುಮಾರು 1 ಲಕ್ಷ 33 ಸಾವಿರ ರೂಪಾಯಿ. ಅರಮನೆಯ ಖಾಸಗಿ ಖಜಾನೆ ಬೇರೆ, ಸಂಸ್ಥಾನದ ಬೊಕ್ಕಸ ಬೇರೆ ಎಂಬ ಸಮಾಧಾನ ಇಲ್ಲಿ ಪೂರ್ತಿಯಾಗಿ ಒದಗುವುದಿಲ್ಲ. ಅರಮನೆಗೆ ಸಲ್ಲುತ್ತಿದ್ದ ವಾರ್ಷಿಕ ಮೊಬಲಗೂ ಕೊನೆಗೆ ಬರುತ್ತಿದ್ದುದು ಕಂದಾಯದಿಂದಲೇ. ಮದ್ದೂರಿನ ಗದ್ದೆಯ ರೈತನಿಗೆ ತಾನು ಮಾಸ್ಕೋದ ಸಂಗೀತಗಾರನೊಬ್ಬನನ್ನು ಸಾಕುತ್ತಿದ್ದೇನೆಂಬ ಅರಿವಿರಲಿಲ್ಲ. ಆ ಸಂಗೀತ ಅವನ ಕಿವಿಗೆ ಬೀಳುವ ಸಂಭವವೂ ಇರಲಿಲ್ಲ.

ಈ ಆಕ್ಷೇಪ ಬಲವಾದದ್ದು. ಆದರೆ ಅದು ಕಾನ್ಸರ್ಟೋ ಪ್ರಕಾರದ ಇಡೀ ಚರಿತ್ರೆಯ ಮೇಲಿನ ಆಕ್ಷೇಪವೂ ಹೌದು. 1809ರಲ್ಲಿ ಆರ್ಚ್‌ಡ್ಯೂಕ್ ರುಡಾಲ್ಫ್, ರಾಜಕುಮಾರರಾದ ಲೊಬ್ಕೊವಿಟ್ಸ್ ಮತ್ತು ಕಿನ್‌ಸ್ಕಿ ಸೇರಿ ಬೀಥೋವನ್ನನಿಗೆ ವರ್ಷಕ್ಕೆ 4,000 ಫ್ಲಾರಿನ್ ವರ್ಷಾಶನ ಗೊತ್ತುಮಾಡಿದರು. ಆ ಹಣವೂ ಬೊಹಿಮಿಯಾ, ಆಸ್ಟ್ರಿಯಗಳ ರೈತರ ಬೆವರಿನಿಂದಲೇ ಬಂದದ್ದು. ಎರಡು ಶತಮಾನಗಳ ಅನಂತರ ಐದನೆಯ ಕಾನ್ಸರ್ಟೋ ಕೇಳುವವರು ಆ ಲೆಕ್ಕವನ್ನು ಮರೆತಿರುವುದು ಲೆಕ್ಕ ತೀರಿತೆಂದಲ್ಲ. ವಿಯೆನ್ನಾದ ಆಶ್ರಯ ವಿಯೆನ್ನಾದ ಸಂಗೀತಜೀವನಕ್ಕೆ ಮರಳಿ ಬಂದಿತೆಂಬ ಕಾರಣದಿಂದ. ಮೈಸೂರಿನ ವಿಷಯದಲ್ಲಿ ಈ ಮರಳಿಕೆ ಆಗಲಿಲ್ಲ. ಮೆಟ್ನರ್ ಮೈಸೂರಿಗೆ ಬರಲಿಲ್ಲ. ಫಿಲ್ಹಾರ್ಮೋನಿಯಾದ ವಾದನ ಇಲ್ಲಿನ ಸಭೆಗಳಲ್ಲಿ ಮೊಳಗಲಿಲ್ಲ. ಮೈಸೂರಿನಲ್ಲಿ ಕಾನ್ಸರ್ಟೋ ನುಡಿಸಬಲ್ಲ ಸಾರ್ವಜನಿಕ ವಾದ್ಯವೃಂದವೊಂದು ಈ ಹಣದಿಂದ ಹುಟ್ಟಲಿಲ್ಲ. ನಾಲ್ವಡಿಯವರ ಕಾಲದ ಆಶ್ರಯ ಮೈಸೂರು ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರಂಥವರ ಮೂಲಕ ನಾಡಿನ ಕಿವಿಯನ್ನು ತಿದ್ದಿತು. ಲಂಡನ್ನಿಗೆ ಹೋದ ಆಶ್ರಯ ಲಂಡನ್ನಿನಲ್ಲಿಯೇ ಉಳಿಯಿತು. ಆಕ್ಷೇಪದ ನಿಜವಾದ ಮೊನೆ ಖರ್ಚಾದ ಮೊತ್ತದಲ್ಲಿಲ್ಲ, ಇಲ್ಲಿದೆ.

ಇನ್ನೊಂದು ಬದಿಯನ್ನೂ ಹೇಳಬೇಕು. ಇದರಲ್ಲಿ ದರ್ಬಾರಿನ ಆಡಂಬರ ಇರಲಿಲ್ಲ. ಬ್ಯಾಂಡು ಮೆರವಣಿಗೆಗೆ ಬೇಕು. ಮೆಟ್ನರ್ ಯಾವ ಮೆರವಣಿಗೆಗೂ ಒದಗುವವನಲ್ಲ. ಕೀರ್ತಿಯೇ ಗುರಿಯಾಗಿದ್ದರೆ ಜಗದ್ವಿಖ್ಯಾತನೊಬ್ಬನನ್ನು ಆರಿಸಿಕೊಳ್ಳುವುದು ಸುಲಭವಿತ್ತು. ಮರೆತುಹೋಗಿದ್ದ, ದುಡಿಮೆಯಿಲ್ಲದ, ಕಾಲಕ್ಕೆ ಬೆನ್ನು ಹಾಕಿದ ಮುದುಕನನ್ನು ಆರಿಸಿದ್ದು ಅಪ್ಪಟ ಕೇಳುಗನ ಆಯ್ಕೆ.

ಆಯ್ಕೆಯ ಹಿಂದಿನ ಅಭಿರುಚಿ

ಕಳೆದುಹೋಗುತ್ತಿರುವ ವ್ಯವಸ್ಥೆಯ ದೊರೆ ಕಳೆದುಹೋದ ವ್ಯವಸ್ಥೆಯ ರಚನಕಾರನನ್ನು ಗುರುತಿಸಿದ ಎಂದು ಹೇಳಿ ಮುಗಿಸುವ ಆಸೆ ವಿಮರ್ಶಕನಿಗೆ ಆಗುವುದು ಸಹಜ. ಸಾಮ್ಯವೇನೋ ಇದೆ. ಒಡೆಯರು ಶ್ರೀವಿದ್ಯೋಪಾಸನೆಯ ಹಿನ್ನೆಲೆಯಲ್ಲಿ 'ಶ್ರೀವಿದ್ಯಾ' ಅಂಕಿತದಿಂದ ರಚಿಸಿದ 94 ಸಂಸ್ಕೃತ ಕೃತಿಗಳು ಮುತ್ತುಸ್ವಾಮಿ ದೀಕ್ಷಿತರ ಮಾರ್ಗವನ್ನು ಶ್ರದ್ಧೆಯಿಂದ ಹಿಡಿದಿವೆ. ಬಳಕೆಯಲ್ಲಿ ವಿರಳವಾದ ರಾಗಗಳನ್ನು ಹುಡುಕಿ ಹಿಡಿಯುವುದು ಅವರ ರೀತಿ. ನಿಯಮನಿಷ್ಠೆ, ವಿದ್ವತ್ತಿನ ಬಿಗಿ, ಜನಪ್ರಿಯತೆಯ ಬಗೆಗಿನ ಉದಾಸೀನ — ಇವು ಮೆಟ್ನರನ ಗುಣಗಳೂ ಹೌದು.

ಆದರೆ ಈ ವಿವರಣೆ ಅತಿ ನಯವಾದದ್ದು. 1949ರಲ್ಲಿ ಮೈಸೂರಿನ ನೆರವಿನಿಂದ ಕಾರಾಯಾನ್ ನಿರ್ದೇಶನದಲ್ಲಿ ಫಿಲ್ಹಾರ್ಮೋನಿಯಾ ಮುದ್ರಿಸಿದವುಗಳಲ್ಲಿ ಬಾಲಕಿರೆವನ ಮೊದಲ ಸಿಂಫೊನಿಯ ಜೊತೆಗೆ ಫ್ರಾನ್ಸಿನ ಆಲ್ಬರ್ ರೂಸೆಲನ ನಾಲ್ಕನೆಯ ಸಿಂಫೊನಿಯೂ ಇದೆ. ಇದು 1934ರ, ಒರಟು ಲಯದ, ಮೆಟ್ನರ್ ಖಂಡಿತ ಮೆಚ್ಚದಿರಬಹುದಾದ ಕೃತಿ. ಆದ್ದರಿಂದ ಒಡೆಯರ ಅಭಿರುಚಿಯನ್ನು ಗತಕಾಲದ ಹಂಬಲವೆನ್ನುವುದಕ್ಕಿಂತ ಸಂಗ್ರಾಹಕನ ನ್ಯಾಯವೆನ್ನುವುದು ಮೇಲು: ತಟ್ಟೆಗಳ ಲೋಕದಲ್ಲಿ ಯಾವುದು ಇಲ್ಲವೋ ಅದು ಇರಬೇಕು. ಕೃತಿರಚನೆಯಲ್ಲಿ ವಿರಳ ರಾಗಗಳನ್ನು ಅರಸಿದ ಮನಸ್ಸೂ ಇದೇ. ಕೇಳದೆ ಉಳಿದುದರ ಮೇಲಿನ ಈ ಮೋಹ ಅವರ ಎರಡೂ ಸಂಗೀತಜೀವನಗಳನ್ನು ಬೆಸೆಯುವ ಎಳೆ.

ಎರಡನ್ನೂ ಅವರು ಬೆರೆಸಲಿಲ್ಲ ಎಂಬುದು ಇನ್ನೂ ಗಮನಾರ್ಹ. ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ ನೋಟುಸ್ವರಗಳನ್ನು ರಚಿಸುವ ದಾರಿಯನ್ನು ದೀಕ್ಷಿತರೇ ತೆರೆದಿದ್ದರು. ಮುತ್ತಯ್ಯ ಭಾಗವತರ ಇಂಗ್ಲಿಷ್ ನೋಟು ಕಚೇರಿಗಳಲ್ಲಿ ಜನಪ್ರಿಯವಾಗಿತ್ತು. ಇಬ್ಬರ ಉದಾಹರಣೆಯೂ ಕಣ್ಣೆದುರಿಗಿದ್ದು, ಕಾನ್ಸರ್ಟೋದ ಒಳಕಟ್ಟನ್ನು ಅವರಿಬ್ಬರಿಗಿಂತ ಹೆಚ್ಚಾಗಿ ಬಲ್ಲ ಒಡೆಯರು ಆ ದಾರಿ ತುಳಿಯಲಿಲ್ಲ. ಗಂಭೀರನಾಟದ 'ಶ್ರೀ ಜಾಲಂಧರಂ' ಕೃತಿಯಲ್ಲಾಗಲಿ ಅಠಾಣದ 'ಶ್ರೀ ಮಹಾಗಣಪತಿಂ' ಕೃತಿಯಲ್ಲಾಗಲಿ ಪಿಯಾನೋದ ನೆರಳು ಕೂಡ ಬಿದ್ದಿಲ್ಲ. 1971ರಲ್ಲಿ ಪಂಡಿತ್ ರವಿಶಂಕರ್ ಲಂಡನ್ ಸಿಂಫೊನಿ ವಾದ್ಯವೃಂದದೊಡನೆ ಸಿತಾರ್ ಕಾನ್ಸರ್ಟೋ ನುಡಿಸಿದಾಗ ಈ ಬೆರಕೆಗೆ ಬೇರೊಂದು ಯುಗವೇ ತೆರೆಯಿತು. ಅದರ ಫಲಗಳಲ್ಲಿ ಎಷ್ಟೋ ಎರಡೂ ಪದ್ಧತಿಗಳ ಮೇಲುಪದರವನ್ನು ಮಾತ್ರ ತಾಗಿದವು. ಒಡೆಯರ ಮೌನದಲ್ಲಿ ಒಂದು ವಿಮರ್ಶೆ ಅಡಗಿದೆ ಎನ್ನಬಹುದು. ಎರಡನ್ನೂ ಬಲ್ಲವನು ಬೆರೆಸದಿರುವುದು ಅಜ್ಞಾನದಿಂದ ಬೆರೆಸದಿರುವಂಥದಲ್ಲ.

ಕೊನೆಯ ನೆರವು

ಮೈಸೂರಿನ ನೆರವು ಸಂದ ಕಾರ್ಯಕ್ರಮಗಳಲ್ಲಿ ಚರಿತ್ರಾರ್ಹವಾದದ್ದು 1950ರ ಮೇ 22ರದ್ದು. ಹಿಂದಿನ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸನ ನಾಲ್ಕು ಅಂತಿಮ ಗೀತೆಗಳನ್ನು ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಿದಳು. ಫಿಲ್ಹಾರ್ಮೋನಿಯಾವನ್ನು ನಿರ್ದೇಶಿಸಿದವನು ಫರ್ಟ್‌ವೆಂಗ್ಲರ್. ಆರ್ಥಿಕ ಹೊಣೆ ಹೊತ್ತ ಒಡೆಯರು ಸಭೆಯಲ್ಲಿರಲಿಲ್ಲ. ಅವರು ಕೇಳಲೆಂದು ಅಂದಿನ ಗಾಯನವನ್ನು ಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡಾಗಿತ್ತು. ಆ ಸಂಜೆಯ ಧ್ವನಿ ಇಂದು ಉಳಿದಿರುವುದಕ್ಕೆ ಈ ಏರ್ಪಾಡೇ ಕಾರಣ.

ಅಷ್ಟರಲ್ಲಿ ಒಡೆಯರ ಸ್ಥಾನ ಬದಲಾಗಿತ್ತು. 1950ರ ಜನವರಿ 26ರಿಂದ ಅವರು ರಾಜಪ್ರಮುಖರು. ವರ್ಷಕ್ಕೆ 26 ಲಕ್ಷ ರೂಪಾಯಿಗಳ ರಾಜಧನ ನಿಗದಿಯಾಗಿತ್ತು. ಲಂಡನ್ನಿಗೆ ಹೋಗುತ್ತಿದ್ದ ನೆರವು ಕ್ರಮೇಣ ನಿಂತಿತು. ಮೆಟ್ನರ್ 1951ರ ನವೆಂಬರ್ 13ರಂದು ಲಂಡನ್ನಿನಲ್ಲಿ ಕಣ್ಮುಚ್ಚಿದ. ಆತನ ಎಲ್ಲ ಕೃತಿಗಳನ್ನೂ ಮುದ್ರಿಸುವ ಸೊಸೈಟಿಯ ಉದ್ದೇಶ ಮೂರು ಸಂಪುಟಗಳಿಗೆ ನಿಂತಿತು. ಒಡೆಯರು ರಾಜ್ಯಪಾಲರಾಗಿ, 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋ ಆಗಿ, 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಶಿವಪುರದಲ್ಲಿ ಸತ್ಯಾಗ್ರಹದ ನೆನಪಿಗೆ ಸೌಧ ನಿಂತಿದೆ. ಮೆಟ್ನರನಿಗೆ ಮೈಸೂರಿನಲ್ಲಿ ಅಂಥ ಗುರುತೇನೂ ಇಲ್ಲ.

ಅರಗಿನ ತಟ್ಟೆಗಳಲ್ಲಿದ್ದ ಆ ಮುದ್ರಿಕೆಗಳನ್ನು 1990ರ ದಶಕದಲ್ಲಿ ಟೆಸ್ಟಮೆಂಟ್ ಸಂಸ್ಥೆ ಸಿ.ಡಿ.ಗಳಾಗಿ ಹೊರತಂದಿತು. ಅದೇ ದಶಕದಲ್ಲಿ ನಿಕೊಲಾಯ್ ಡೆಮಿಡೆಂಕೊ, ಜೆಫ್ರಿ ಟೋಜರ್ ಮೊದಲಾದ ವಾದಕರು ಮೆಟ್ನರನ ಕಾನ್ಸರ್ಟೋಗಳನ್ನು ಹೊಸದಾಗಿ ಮುದ್ರಿಸಿದರು. ಹೊಸ ಮುದ್ರಿಕೆಗಳಲ್ಲಿ ಮೂರನೆಯ ಕಾನ್ಸರ್ಟೋ ಒಡೆಯರಿಗೆ ಅರಮನೆಯಲ್ಲಿ ಎಂದೂ ಕೇಳಿಸದಿದ್ದ ರೀತಿಯಲ್ಲಿ ಕೇಳಿಸುತ್ತದೆ: ತಟ್ಟೆ ತಿರುವಿಹಾಕಲು ಎಲ್ಲಿಯೂ ನಿಲ್ಲದೆ, ಮೊದಲ ಭಾಗದ ಹೊಳೆ ಇಂಟರ್ಲೂಡಿಯಮ್ಮಿನ ಸೇತುವೆಯ ಕೆಳಗೆ ಹಾದು, ಯೋಧ ಎಚ್ಚರಗೊಳ್ಳುವ ಕೊನೆಯವರೆಗೆ.